ಚಿಕೋರಿ ಇಲ್ಲದ್ದು

ಸಂತೇಪೇಟೆಯ ಈ ಅಂಗಡಿಯಲ್ಲಿ
ನನ್ನ ಮೂಗು ಸತ್ತು ಎರಡು ವರ್ಷ.
ಯಾರಿಗೂ ಹೇಳಿಲ್ಲ.
ಜ್ವರ ಇಳಿದ ದಿನ ಡಬ್ಬಿ ತೆಗೆದು ಮೂಸಿದೆ:
ತಗಡು. ತಗಡೂ ಅಲ್ಲ,
ತಗಡಿನ ಒಳಗಿನ ಕತ್ತಲೆ.

ಅಂದಿನಿಂದ ಕಿವಿಯಲ್ಲೇ ಹುರಿಯುತ್ತೇನೆ.
ಡ್ರಮ್ಮಿನಲ್ಲಿ ಹಸಿ ಬೀಜಕ್ಕೆ ಜಲ್ಲಿಯ ಸದ್ದು,
ಹಳದಿಗೆ ತಿರುಗಿದರೆ ಕಡಲೆಕಾಯಿಯದು,
ಆಮೇಲೆ ಒಂದು ಗಳಿಗೆ ಏನೂ ಇಲ್ಲ,
ಆಮೇಲೆ ಎಲ್ಲೋ ಮೂಲೆಯಲ್ಲಿ
ಒಂದೇ ಒಂದು ಚಟ್.
ಪಂಕ್ತಿಯಲ್ಲಿ ಮೊದಲು ಎದ್ದವನ ಬೆನ್ನಿಗೇ
ಎಲ್ಲರೂ ಎಲೆ ಬಿಟ್ಟು ಏಳುವ ಹಾಗೆ
ಚಟಪಟ, ಚಟಪಟ.
ಅದು ನಿಂತ ಕೂಡಲೇ ಇಳಿಸಬೇಕು.
ಎರಡನೆಯ ಸದ್ದಿಗೆ ಕಾದವನು ಇದ್ದಿಲು ಮಾರಬೇಕು.

ಉಳಿದದ್ದಕ್ಕೆ ತಸ್ಕೀನಾ ಇದ್ದಾಳೆ,
ಪೊಟ್ಟಣ ಕಟ್ಟುವ ಹುಡುಗಿ, ಮಂಡಿ ಮೊಹಲ್ಲಾದವಳು.
"ಹೆಂಗಿದೆ?" ಅಂತ ಬೇರೆಲ್ಲೋ ನೋಡುತ್ತಾ ಕೇಳುತ್ತೇನೆ.
ಪರೀಕ್ಷೆ ಅಂದುಕೊಂಡು
ಬೆನ್ನು ನೆಟ್ಟಗೆ ಮಾಡಿ ಉತ್ತರ ಕೊಡುತ್ತಾಳೆ.

ಇವತ್ತು ಚಾಮರಾಜನಗರದ ಬಸ್ಸಿಳಿದು
ಜಡೇಸ್ವಾಮಿ ಬಂದ, ಹೆಗಲಲ್ಲಿ ಅರ್ಧ ಮೂಟೆ.
ಬಿಳಿಗಿರಿರಂಗನ ಬೆಟ್ಟದ ಪೋಡಿನವನು, ಸೋಲಿಗ.
"ಯಾವುದಕ್ಕೂ ಬೆರೆಸಬ್ಯಾಡಿ ಇದನ್ನ,
ಒಂದೇ ಇಳಿಜಾರಿಂದು."
ಎಂಥ ಇಳಿಜಾರಯ್ಯ ಅಂದೆ.
"ಮ್ಯಾಲೆ ಹಲಸು, ನೇರಳೆ, ಒಂದು ಜೇನುಮರ.
ಜೇನುಮರ ಕಡಿಯಾಕಿಲ್ಲ ನಾವು,
ಅದರ ನೆರಳು ಬಿದ್ದಷ್ಟು ದೂರ ಕಾಪಿ.
ಆನೆ ಬತ್ತದೆ, ಕಾಪಿಗಲ್ಲ, ಹಲಸಿಗೆ,
ಬಂದು ನಾಕು ಗಿಡ ಮುರಿದು ಹೋಯ್ತದೆ. ಅದರ ಪಾಲು ಅದು.
ಕೆಂಪಗಾದದ್ನೇ ಕಿತ್ತು ಬಂಡೆ ಮ್ಯಾಲೆ ಒಣಗಿಸಿವ್ನಿ,
ರಾತ್ರಿ ಮಂಜಿಗೆ ಟಾರ್ಪಾಲು ಹೊದಿಸಿ.
ಒರಳಲ್ಲಿ ಸಿಪ್ಪೆ ಬುಡಿಸ್ದೋಳು ನಮ್ಮವ್ವ."

ಹುರಿದೆ. ಅವಸರದ ಬೀಜವಲ್ಲ.
ಚಟ್ ಅನ್ನಲು ಎಂದಿಗಿಂತ ಎರಡು ನಿಮಿಷ ತಡ.
ತಸ್ಕೀನಾ ಬಗ್ಗಿ ಮೂಸಿದಳು,
ಮಾಮೂಲಿನ ಉತ್ತರ ಬರಲಿಲ್ಲ.
"ಹುಣಸೇಹಣ್ಣು ಬಿಡಿಸೋವಾಗ ಕೈಗೆ ಅಂಟ್ತದಲ್ಲ, ಅದು.
ಆಮೇಲೆ... ನಾನೀಮಾ ಟ್ರಂಕು."
ಕುಡಿದು ಹೇಳು ಅಂದೆ.
"ರೋಜಾ ಇದೀನಿ ಅಣ್ಣ."

ಹಿತ್ತಾಳೆ ಫಿಲ್ಟರ್ ತೆಗೆದೆ.
ಚಿಕೋರಿ ಇದ್ದರೆ ನೀರನ್ನು ಹಿಡಿದು ನಿಲ್ಲಿಸುತ್ತದೆ,
ಇಲ್ಲದ ಪುಡಿ ಕೈಬಿಡುತ್ತದೆ, ಸರಸರ ಇಳಿದುಬಿಡುತ್ತದೆ.
ಅದಕ್ಕೇ ಒಂದು ಸುತ್ತು ನುಣ್ಣಗೆ,
ಮೂರು ಚಮಚದ ಕಡೆ ನಾಲ್ಕು,
ಬೆರಳಿಂದ ತಟ್ಟಿ ಸಮ ಮಾಡಬೇಕು, ಅದುಮಬಾರದು.
ಕುದಿದ ನೀರಿನ ಗದ್ದಲ ಅಡಗಿದ ಮೇಲೆ
ಅಂಚಿನಿಂದ ಒಂಚೂರು,
ಪುಡಿ ಉಬ್ಬಿ ಉಸಿರು ಬಿಡುವ ತನಕ ಕಾದು
ಆಮೇಲೆ ಉಳಿದದ್ದು. ಮುಚ್ಚಳ.
ಕುಟ್ಟಬಾರದು, ಇಣುಕಬಾರದು,
ಎದುರಿನ ಹೂವಿನವಳು ಎರಡು ಮೊಳ ಕಟ್ಟುವಷ್ಟು ಹೊತ್ತು.

ಅಷ್ಟರಲ್ಲಿ ಒಬ್ಬರು ಬಂದರು: ಎಂಬತ್ತು ಇಪ್ಪತ್ತು, ಕಾಲು ಕೇಜಿ.
ಇದು ನೋಡಿ, ಬರೀ ಕಾಫಿ, ಒಂದೇ ಬೆಟ್ಟದ್ದು ಅಂದೆ.
"ಡಿಕಾಕ್ಷನ್ ಗಟ್ಟಿ ಬರಲ್ಲ ಕಣ್ರೀ."
ಎಂಬತ್ತು ಇಪ್ಪತ್ತೇ ಕೊಟ್ಟೆ.

ಜಡೇಸ್ವಾಮಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದ.
ಹದಿನಾಲ್ಕು ವರ್ಷ ಬೆಳೆದಿದ್ದಾನೆ, ಕುಡಿದದ್ದು ಇವತ್ತೇ.
ಬೆಟ್ಟದಲ್ಲಿ ಅವರದು ಟೀ.
ಗುಟುಕರಿಸಿದ, ಜೇನುಮರ ಎಲ್ಲಾದರೂ ಸಿಕ್ಕೀತೇ ಎಂಬಂತೆ
ತಳ ನೋಡಿದ.
"ಹುಳಿ ಐತೆ," ಅಂದ. "ಒಸಿ ಬೆಲ್ಲ ಇದ್ದದಾ?"
ನನಗೆ ಬಿಸಿ, ಕಹಿ, ನಾಲಿಗೆಯ ಅಂಚಿಗೆ ಅದೇ ಹುಳಿ.
ಮೇಲೆ, ಮೂಗಿನ ಹತ್ತಿರ,
ಒಳಗಿಂದ ಚಿಲಕ ಹಾಕಿದ ಬಾಗಿಲು.
ದುಡ್ಡೆಣಿಸಿಕೊಂಡು ನಾಕೂವರೆ ಬಸ್ಸಿಗೆ ಹೋದ.

ಸಂಜೆ ಮಸೀದಿಯ ಕೂಗಾಯಿತು.
ತಸ್ಕೀನಾ ಖರ್ಜೂರ ತಿಂದು, ನೀರು ಕುಡಿದು,
ತಟ್ಟೆ ಮುಚ್ಚಿಟ್ಟ ಲೋಟ ಎತ್ತಿಕೊಂಡಳು. ಆರಿಹೋಗಿತ್ತು.
ನಾನಿನ್ನೂ ಕೇಳಿರಲಿಲ್ಲ.
ಅವಳೇ ಹೇಳತೊಡಗಿದಳು, ನಿಧಾನ,
ಒಂದೊಂದೇ ಗುಟುಕು, ಒಂದೊಂದೇ ಮಾತು,
ಕುರುಡರನ್ನು ರಸ್ತೆ ದಾಟಿಸುವವರು
ಇಲ್ಲಿ ಮೆಟ್ಟಿಲು, ಇಲ್ಲಿ ಚರಂಡಿ
ಎನ್ನುತ್ತಾರಲ್ಲ, ಹಾಗೆ.

ಹಲಗೆಯ ಮೇಲೆ ಏನು ಬರೆಯಲಿ ಅಂದೆ.
"ಹುಣಸೇಹಣ್ಣು, ನಾನೀಮಾ ಟ್ರಂಕು ಅಂತ ಬರೀರಿ."
ಬರೆದೆ.
ಬೆಲೆ ಇನ್ನೂ ಹಾಕಿಲ್ಲ.