ಎಡ

ಪೆಟ್ಟಿಗೆ ಬಂದದ್ದು ಆಟೋದಲ್ಲಿ, ಕಂಬಳಿ ಹೊದ್ದು,
ಜ್ವರದ ಮಗು ಬಂದ ಹಾಗೆ.
ಜೊತೆಗೆ ಪಂಕಜಾಕ್ಷಿ ಮೇಡಂ,
ಸಾಲಗಾಮೆ ರಸ್ತೆಯ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ
ರೇಖಾಗಣಿತ ಹೇಳಿದವರು. ನನಗೂ ಹೇಳಿದವರು, ಹತ್ತಲಿಲ್ಲ.
"ಅಪ್ಪನದು. ಕಾಫಿ ಕ್ಯೂರಿಂಗಿನಲ್ಲಿದ್ದಾಗ
ಮದರಾಸಿನಿಂದ ಸ್ಪೀಕರ್ ತರಿಸಿ ಇಲ್ಲೇ ಮರ ಕಟ್ಟಿಸಿದ್ದು.
ಸನ್ ಐವತ್ತಾರು.
ಮೇಲಿನ ಲೋಟದ ಗುರುತು ಹೋಗಬೇಕು, ಮಿಕ್ಕಿದ್ದು ನಿನ್ನಿಷ್ಟ."

ಎಂಟು ತಿರುಪು, ಅದರಲ್ಲೊಂದು ಬೇರೆ ಜಾತಿ.
ಒಳಗೆ ಜಿರಲೆ ಮೊಟ್ಟೆ, ಒಂದು ಅಂಗಿ ಗುಂಡಿ,
ಅಂಚು ಹರಿದ ಕಾಗದದ ಬಟ್ಟಲು.

ಪೆನ್ಷನ್ ಮೊಹಲ್ಲಾದಿಂದ ಇಕ್ರಾಮ್ ಬಂದ.
ಕಬ್ಬಿಣ ಅವನದು, ಮರ ನನ್ನದು, ನಮ್ಮ ಕರಾರು ಅಷ್ಟೇ.
ಆಯಸ್ಕಾಂತದ ಬೆನ್ನಿಗೆ ಎಂಜಲು ಹಚ್ಚಿ
ಹೆಬ್ಬೆರಳಲ್ಲಿ ಉಜ್ಜಿದ, ಟಾರ್ಚು ಓರೆ ಹಿಡಿದ.
ಆರು ಅಂಕಿ ಎದ್ದವು,
ಒದ್ದೆ ಗೋಡೆಯಲ್ಲಿ ಯಾವುದೋ ಹಳೆ ಚುನಾವಣೆಯ ಚಿಹ್ನೆ ಏಳುವಂತೆ.
"ಮೊದಲ ಮೂರು ಕಾರ್ಖಾನೆ. ಕೊನೆಯೆರಡು ವಾರ,
ಮೂವತ್ತೊಂದು, ಅಂದ್ರೆ ಆಗಸ್ಟು.
ನಡುವಿಂದು ವರ್ಷ. ಆರು."
ಯಾವ ಆರು?
"ಅದನ್ನ ಬರೆಯೋಲ್ಲ ಅವರು. ಒಂದೇ ಅಂಕಿ.
ದಶಕ ಎಲ್ಲರಿಗೂ ನೆನಪಿರುತ್ತೆ ಅಂದ್ಕೊಂಡಿದ್ರು, ಪಾಪ."

ಮರ ಬಾಯಿಬಿಡುವುದು ನಿಧಾನ.
ಬೀಟೆಯ ಸಿಪ್ಪೆ ಮೂಲೆಯಲ್ಲಿ ಎದ್ದಿತ್ತು, ಅಡಿಗೆ ಹಲಸು.
ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಒತ್ತಿದೆ,
ಸುಟ್ಟ ಗೊರಸಿನ ವಾಸನೆ ಬಂತು: ಸರೇಸು.
ಬಿಳಿ ಗೋಂದು ಬರುವ ಮುಂಚಿನ ಕೈ.
ಅದರಿಂದಲೂ ವರ್ಷ ಸಿಗಲಿಲ್ಲ, ನನ್ನಪ್ಪ ಸಾಯುವವರೆಗೂ ಸರೇಸನ್ನೇ ಕಾಸಿದವನು.

ಹಿಂಬಾಗಿಲ ಒಳಮೈ ಉಜ್ಜಲು ಹೊರಟಾಗ ಕಂಡದ್ದು
ಪೆನ್ಸಿಲಿನಲ್ಲಿ ಎರಡಕ್ಷರ.
ಎಡ.
ಉಪ್ಪುಕಾಗದ ಕೈಯಲ್ಲೇ ನಿಂತಿತು.
ಒಂಟಿ ಪೆಟ್ಟಿಗೆಗೆ ಯಾವ ಆಚಾರಿ ಎಡ ಎಂದು ಬರೆಯುತ್ತಾನೆ?
ಒಂಟಿ ಚಪ್ಪಲಿ ಹೊಲಿದ ಮೋಚಿ ಎಲ್ಲಿದ್ದಾನೆ?
"ಹಾಗಾದ್ರೆ ಅರವತ್ತಾರು," ಅಂದ ಇಕ್ರಾಮ್,
"ಐವತ್ತಾರರಲ್ಲಿ ಹಾಸನಕ್ಕೆಲ್ಲಿಯ ಎಡಬಲ?"
ಹತ್ತು ವರ್ಷ ಸಿಕ್ಕಿತು. ಒಂದು ಪೆಟ್ಟಿಗೆ ಕಳೆಯಿತು.

ಅರಗು, ಸ್ಪಿರಿಟ್ಟು, ಹಳೆ ಪಂಚೆಯ ಉಂಡೆ;
ಹನ್ನೊಂದು ಕೈ ಪಾಲಿಶು. ಲೋಟದ ಉಂಗುರ ಮಾತ್ರ
ಮೋಡದ ದಿನ ಓರೆಯಿಂದ ನೋಡಿದರೆ ಇನ್ನೂ ಇದೆ. ಹೇಳಲಿಲ್ಲ.

ಮೇಡಂ ಒಂದು ತಟ್ಟೆ ತಂದಿದ್ದರು, ನಡುವಿನ ಚೀಟಿ ಕಿತ್ತದ್ದು.
ಇಕ್ರಾಮ್ ಎಡದ ತಂತಿ ಜೋಡಿಸಿದ.
ಪಿಟೀಲು. ಯಾರಿಗೋ ಉತ್ತರ ಕೊಟ್ಟಂತೆ ಒಂದು ಎಳೆ,
ಮತ್ತೆ ಸುಮ್ಮನೆ, ಕೇಳಿಸಿಕೊಳ್ಳುವವರ ಸುಮ್ಮನೆ,
ಮತ್ತೆ ಒಂದು ಎಳೆ.
"ಸರಿಯಾಗಿದೆ. ನಮ್ಮನೇಲಿ ಹೀಗೇ ಇತ್ತು. ಪಿಟೀಲಿನ ತಟ್ಟೆ ಇದು."
ಇಕ್ರಾಮ್ ನನ್ನ ಮುಖ ನೋಡಿದ.
ಮಾತಾಡದೆ ತಂತಿ ಕಿತ್ತು ಬಲಕ್ಕೆ ಸಿಕ್ಕಿಸಿದ.

ಒಬ್ಬ ಹೆಂಗಸು ಹಾಡುತ್ತಿದ್ದಳು.

ಮೇಡಂ ಸ್ಟೂಲು ಎಳೆದುಕೊಂಡರು.
ಮುಗಿದ ಮೇಲೆ ಹಿಂಬಾಗಿಲು ಬಿಚ್ಚಿ ಬರಹ ತೋರಿಸಿದೆ;
ಉತ್ತರ ಸರಿ, ಹಂತ ಬಿಟ್ಟಿದೆ ಎನ್ನುವಾಗ
ನೋಡುತ್ತಿದ್ದರಲ್ಲ, ಹಾಗೆ ನೋಡಿದರು.
"ಗುರುವಾರ ಗುರುವಾರ ಅಪ್ಪ ಅರಸೀಕೆರೆಗೆ ಹೋಗೋರು.
ಕೊಬ್ಬರಿ ಲೆಕ್ಕ ಅಂತ.
ಕಾಫಿಯವರಿಗೆ ಕೊಬ್ಬರಿ ಯಾತಕ್ಕೆ ಅಂತ
ಅಮ್ಮ ಒಂದಿನವೂ ಕೇಳಲಿಲ್ಲ."

ಬಿಲ್ಲಿನಲ್ಲಿ 'ಸ್ಪೀಕರ್ ಒಂದು' ಎಂದು ಬರೆದಿದ್ದೆ.
ಪೆನ್ನು ಇಸಿದುಕೊಂಡು 'ಒಂದು' ಹೊಡೆದುಹಾಕಿ
'ಎಡದ್ದು' ಎಂದು ತಿದ್ದಿ, ದುಡ್ಡು ಎಣಿಸಿಟ್ಟರು.
ಆಟೋದವನನ್ನು ಅರಸೀಕೆರೆ ಬಸ್ಸಿನ ಹೊತ್ತು ವಿಚಾರಿಸಿದರು
ಎಂದು ಇಕ್ರಾಮ್ ಈಗಲೂ ಅನ್ನುತ್ತಾನೆ.
ಇರಬಹುದು. ಮೆಷಿನ್ ಗರಗಸ ತಿಂದ ಕಿವಿ ನನ್ನದು,
ಬಲಗಡೆ ನಿಂತವರು ಹೇಳಿದ್ದು ಕೇಳಿಸುವುದಿಲ್ಲ.