ಮೂರು ಸ್ಕ್ರೂ

ಡಾಂಬರು ತಂದ ಹಡಗಿನ ಅಡುಗೆಯವನೊಬ್ಬ
ಇನಾಸ್ ಮಾಮನ ಅಂಗಡಿಗೆ ಚಾರ್ಜರ್ ಕೊಳ್ಳಲು ಬಂದು
ಕಡಿಮೆ ಬಿದ್ದ ಹಣಕ್ಕೆ ಇದನ್ನು ಬಿಟ್ಟುಹೋದ.
ಅಂಗೈಗಿಂತ ತುಸು ಉದ್ದ, ಮೈತುಂಬ ಗುಂಡಿ.
ಬೆನ್ನಿನಲ್ಲಿ ಸ್ಕ್ರೂ ಮೂರೇ,
ನಾಲ್ಕನೆಯದರ ತೂತಿನಲ್ಲಿ ಒಣಗಿದ ಹಿಟ್ಟು.

"ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್" ಅಂದೆ.
"ಬಿಡಿಸಿ?" ಅಂದ ಮಾಮ.

ಪರದೆಯಲ್ಲಿ ಮೇಲಿಂದ ಕೆಳಗೆ ಏಳು ಗೆರೆ ಸತ್ತಿದ್ದವು.
ರಿಬ್ಬನ್ನಿನ ಮೇಲೆ ಬೆಳ್ಳಿಹಾಳೆ ಹೊದಿಸಿ
ಸೋಲ್ಡರಿಂಗ್ ಐರನ್ನಿನ ಬೆನ್ನಿನಿಂದ
ಹೂವಿಗೆ ಇಸ್ತ್ರಿ ಹಾಕುವ ಹಾಗೆ ಸವರಿದೆ.
ಆರು ಬಂದವು. ಒಂದು ಬರಲೇ ಇಲ್ಲ.
ಇವತ್ತಿಗೂ ನನ್ನ ಪ್ಯಾರಾಬೋಲಾಕ್ಕೆ
ಎಡಗಡೆ ಒಂದು ಹಲ್ಲಿಲ್ಲ.

ಆಮೇಲೆ ಕೈ ನಿಲ್ಲಲಿಲ್ಲ.
ಪೆನ್ಸಿಲ್ ಸೆಲ್ ನಾಲ್ಕನ್ನೂ ಕಿತ್ತು
ಸತ್ತ ಫೋನಿನ ಬ್ಯಾಟರಿ ಕೂರಿಸಿದೆ
(ಬೈತಖೋಲದ ಬೋಟಿನವರ ಫೋನು, ವಾರಕ್ಕೆ ಮೂರಾದರೂ,
ಉಪ್ಪುನೀರು ಕುಡಿದು ಬರುತ್ತವೆ).
ಪರದೆಯ ಹಿಂದೆ, ಚೌತಿ ಮಂಟಪದ ಸರದಿಂದ ಕದ್ದ
ನೀಲಿ ದೀಪ ಎರಡು.
ಚಿಪ್ಪಿನ ಬಡಿತವನ್ನು ಹಿಡಿದಿಡುವ ಕೆಪಾಸಿಟರ್
ಸಾಸಿವೆಗಿಂತ ಸಣ್ಣದು;
ಎತ್ತಿದರೆ ಓಟ ಹೆಚ್ಚು, ಬ್ಯಾಟರಿಗೆ ಆಯಸ್ಸು ಕಮ್ಮಿ.
ಎತ್ತಿದೆ.
ಹಾರಿ ಎಲ್ಲಿ ಬಿತ್ತೋ, ಮಂಡಿಯೂರಿ ಅಯಸ್ಕಾಂತ ಆಡಿಸಿದೆ,
ಒಂದು ಗಾಳ ಸಿಕ್ಕಿತು.

ಮೀನು ಮಾರಿ ಬಂದ ಸೋದರತ್ತೆ ಕೇಳಿದಳು:
"ಇದ್ರಿಂದ ಎಂಥ ಕೆಲಸ ಸಿಗ್ತದೆ?"
ಐಟಿಐ ಮಾಸ್ತರರೂ ಅದನ್ನೇ ಕೇಳಿದ್ದರು, ಇಸ್ತ್ರಿ ಮಾಡಿದ ಕನ್ನಡದಲ್ಲಿ.
ಸೈನ್ ಎಕ್ಸ್ ಒತ್ತಿ ತೋರಿಸಿದೆ.
ಅತ್ತೆ ಕನ್ನಡಕ ಹುಡುಕಿ, ಹಾಕಿ, ನೋಡಿ,
"ಅಲೆ ಇಷ್ಟು ನೇರ್ಪಾಗಿ ಬಂದಿದ್ರೆ
ಬೋಟಲ್ಲಿ ಯಾರಿಗೂ ವಾಂತಿ ಆಗ್ತಿರ್ಲಿಲ್ಲ" ಅಂದಳು.

ಕಾಗದ ಅರ್ಗಾದಿಂದ ಬಂತು:
ನೌಕಾನೆಲೆಯ ದುರಸ್ತಿ ಯಾರ್ಡಿಗೆ ಅಪ್ರೆಂಟಿಸ್, ಸಂದರ್ಶನ ಹತ್ತಕ್ಕೆ,
ಸ್ವಂತ ಕೈಕೆಲಸವಿದ್ದರೆ ತರತಕ್ಕದ್ದು.
ತಂದೆ.

ಗೇಟಿನಲ್ಲಿ ಬ್ಯಾಗಿನಿಂದ ಹೊರಬಂತು:
ಕಪ್ಪು ಡಬ್ಬಿ, ಅಂಚಿನಲ್ಲಿ ಕೆಂಪು ವೈರು,
ಹಳದಿ ಟೇಪು ಬಿಗಿದ ಉಬ್ಬು ಹೊಟ್ಟೆ.
ಕಾವಲಿನವನು ಎರಡು ಹೆಜ್ಜೆ ಹಿಂದೆ ಸರಿದ.
"ಏನಿದು?"
"ಲೆಕ್ಕ ಮಾಡ್ತದೆ ಸರ್."
"ಲೆಕ್ಕಕ್ಕೆ ವೈರ್ ಯಾಕೆ?"
ನನ್ನ ಹಿಂದಿನ ಸಾಲು ದೂರವಾಯಿತು,
ಮೊದಲು ಒಂದು ಚಪ್ಪಲಿಯಷ್ಟು, ಆಮೇಲೆ ಒಂದು ಬಸ್ಸಿನಷ್ಟು.
ಮರಳಿನ ಬಕೆಟ್ಟು ಬಂತು. ನಾಯಿ ಬಂತು.
ಮೂಸಿ, ಸೀನಿ, ಅದರ ಮುಂದೆಯೇ ಕೂತಿತು.
ಕೂರಬಾರದಿತ್ತಂತೆ.
ರಾತ್ರಿ ಅತ್ತೆಯ ಬಂಗಡೆ ಬುಟ್ಟಿಯ ಪಕ್ಕ ಇಟ್ಟಿದ್ದೆ ಅಂದರೆ
ಯಾರು ಬರೆದುಕೊಳ್ಳುತ್ತಾರೆ?
ಬರೆದದ್ದು ಇಷ್ಟು: ಪ್ರಣಾಲಿ ಕುಡ್ತರಕರ, ಕೋಡಿಬಾಗ.
ಅನುಮಾನಾಸ್ಪದ ಕ್ಯಾಲ್ಕುಲೇಟರ್, ಒಂದು.

ಒಳಗೆ, ಖಾಲಿ ಕೈಯಿಂದ ಗಾಳಿಯಲ್ಲಿ ಬಿಡಿಸಿ ಹೇಳಿದೆ.
ಮೂವರಲ್ಲಿ ಒಬ್ಬರು ತಲೆಯಾಡಿಸಿದರು,
ನನಗೋ, ಫ್ಯಾನಿಗೋ.
ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.

ಹನ್ನೆರಡನೆಯ ದಿನ ಪ್ಲಾಸ್ಟಿಕ್ ಚೀಲದಲ್ಲಿ ವಾಪಸು ಕೊಟ್ಟರು.
ಬಸ್ಸು ಬಿಣಗಾ ದಾಟುವ ತನಕ ಮುಟ್ಟಲಿಲ್ಲ.
ಅಂಗಡಿಯ ದೀಪದಡಿ ಬಿಚ್ಚಿದೆ.

ನನ್ನ ಬೆಸುಗೆ ಇದ್ದಲ್ಲಿ, ಹಕ್ಕಿಯ ಹಿಕ್ಕೆಯ ಹಾಗಿದ್ದಲ್ಲಿ,
ಈಗ ಸಣ್ಣದೊಂದು ಹೊಳೆಯುವ ಗೋಪುರ.
ಕೆಂಪು ವೈರು ಮೂಲೆ ಹಿಡಿದು ಒಳಗಿಂದ ಹೋಗಿದೆ,
ಕಪ್ಪು ಕೊಳವೆ ತೊಟ್ಟು, ಮರ್ಯಾದಸ್ಥ.
ನಾನು ಖಾಲಿ ಬಿಟ್ಟ ಜಾಗದಲ್ಲಿ ಹೊಸ ಕೆಪಾಸಿಟರ್;
ಅಳೆದೆ: ಹಳೆಯದರ ಅರ್ಧ.
ಓಡು, ಆದರೆ ಸಾಯಬೇಡ ಅನ್ನುವಷ್ಟು.
ಸತ್ತ ಗೆರೆಯನ್ನು ಮಾತ್ರ ಮುಟ್ಟಿಲ್ಲ,
ಆಗಲಿಲ್ಲವೋ, ನನಗೆಂದು ಬಿಟ್ಟರೋ.
ಚೀಟಿಗಾಗಿ ಚೀಲ ಕೊಡವಿದೆ. ಇಲ್ಲ.

ಮುಚ್ಚುವಾಗ ಮೇಜಿನ ಮೇಲೆ ಎಣಿಸಿದೆ:
ನಾಲ್ಕು.
ಮೂರು ಕಪ್ಪು, ತುಕ್ಕು. ಒಂದು ಹಿತ್ತಾಳೆಯದು.

ಮಾಮ ಬೆಸುಗೆಯ ಮೇಲೆ ಭೂತಗನ್ನಡಿ ಹಿಡಿದು
ಬಹಳ ಹೊತ್ತು ಉಸಿರಾಡಲಿಲ್ಲ.
"ಯಾರ ಕೈ?"
"ಗೊತ್ತಿಲ್ಲ."
"ಕೂಲಿ ಎಷ್ಟಂತೆ?"