ಹನ್ನೆರಡು ವೋಲ್ಟಿನ ಮನೆ

ಉಮ್ ಅಲ್ ಕುವೈನಿನ ಗ್ಯಾರೇಜುಗಳ ಸಾಲು ಮುಗಿದು
ಹಿನ್ನೀರು ಶುರುವಾಗುವಲ್ಲಿ
ನಿಂತಿದೆ ಒಂದು ಮುದಿ ಶಾಲಾ ಬಸ್ಸು.
ಇಪ್ಪತ್ತಾರು ಸೀಟು ಕಿತ್ತದ್ದು ನಾನೇ.
ಅಡಿಯಲ್ಲಿ ಸಿಕ್ಕಿದ್ದು ಕಲ್ಲಾದ ಚೂಯಿಂಗ್ ಗಮ್ಮು, ಒಂಟಿ ಕಾಲ್ಚೀಲ,
ಕಿಟಕಿಯ ರಬ್ಬರಿನ ಮೇಲೆ ಮೊಳೆಯಿಂದ ಕೊರೆದ
ಯಾವನೋ ಹುಡುಗನ ಅರ್ಧ ಹೆಸರು.
ಅದೊಂದನ್ನು ಹಾಗೇ ಬಿಟ್ಟೆ.

ಒಡತಿ ಮೌಜಾ ಮೇಡಂ, ನಿವೃತ್ತ ಭೂಗೋಳದ ಟೀಚರು.
ಮೂವತ್ತು ವರ್ಷ ನಕ್ಷೆ ತೋರಿಸಿದ್ದೇ ಬಂತು,
ಇನ್ನು ಹೋಗಿ ನೋಡುತ್ತೇನೆ ಅನ್ನುತ್ತಾರೆ:
ಈ ಚಳಿಗಾಲ ಲಿವಾ, ಬರುವ ಚಳಿಗಾಲ ಸಲಾಲಾ.
ದುಡ್ಡಿಗೆ ಚೌಕಾಸಿಯಿಲ್ಲ, ಚೌಕಾಸಿಯೆಲ್ಲ ಸ್ವಿಚ್ಚಿನ ಜಾಗಕ್ಕೆ.
"ಮಲಗಿದಲ್ಲಿಂದ ಕೈಗೆ ಸಿಗಬೇಕು, ನನಗೆ ಮಂಡಿ ನೋವು."

ಲೆಕ್ಕ ಬರೆದೆ ಸಿಮೆಂಟು ಚೀಲದ ಕಾಗದದ ಮೇಲೆ:
ಫ್ರಿಜ್ಜಿಗೆ ಇಷ್ಟು, ಫ್ಯಾನಿಗೆ ಇಷ್ಟು,
ನೀರಿನ ಪಂಪು ದಿನಕ್ಕೆ ಹತ್ತು ನಿಮಿಷ.
ಇಂಟರ್‌ನೆಟ್ಟಿನ ತಟ್ಟೆ ಮಾತ್ರ ಹೊಟ್ಟೆಬಾಕ,
ಸುಮ್ಮನೆ ಆಕಾಶ ನೋಡುತ್ತ ಕೂತರೂ ಐವತ್ತು ವ್ಯಾಟು ತಿನ್ನುತ್ತದೆ.
ಮನುಷ್ಯನಿಗೆ ಎಷ್ಟು ಬೇಕೆಂದು ಶಾಸ್ತ್ರ ಏನನ್ನುತ್ತದೋ,
ಕಾಗದ ಅಂದಿತು: ಇನ್ನೂರು ಆಂಪಿಯರ್ ತಾಸು,
ಎಸಿ ಬೇಡವೆಂದರೆ.

ಮಾಡಿನ ಮೇಲೆ ನಾಲ್ಕು ಸೋಲಾರ್ ಫಲಕ.
ಅಲ್ಲಿ ಬಿಸಿಲಿಗೆ ಬರವೇ ಅಂತ ಊರಲ್ಲಿ ನಗುತ್ತಾರೆ.
ಬಿಸಿಲು ಏರಿದರೆ ಫಲಕಕ್ಕೂ ತಲೆ ಸುತ್ತುತ್ತದೆ ಸ್ವಾಮಿ,
ಮಾರ್ಚಿಯಲ್ಲಿ ಕೊಟ್ಟಷ್ಟು ಆಗಸ್ಟಿನಲ್ಲಿ ಕೊಡುವುದಿಲ್ಲ.
ಗಾಳಿಯಾಡಲೆಂದು ಕೆಳಗೆ ನಾಲ್ಕು ಬೆರಳು ಸಂದು ಬಿಟ್ಟಿದ್ದೇನೆ.
ಕ್ಯಾಂಪಿನಲ್ಲಿ ನಮ್ಮ ಮಂಚ ಮಂಚದ ನಡುವೆ ಅಷ್ಟಿಲ್ಲ.

ಕೊನೆಯ ಕೆಲಸ. ಒಂದು ರಾತ್ರಿ ಯಾರಾದರೂ ಒಳಗೇ ಇರಬೇಕು,
ಎಲ್ಲ ಚಾಲೂ ಇಟ್ಟು ಎರಡೆರಡು ತಾಸಿಗೆ ಮೀಟರು ಬರೆಯಬೇಕು.
ಫೋರ್ಮನ್ ಕುಞಾಲಿ ನನ್ನ ಕಡೆ ಗಲ್ಲ ಎತ್ತಿದ.

ಹತ್ತು ಗಂಟೆ. ಹದಿಮೂರು ಪಾಯಿಂಟ್ ಮೂರು.
ಚಿಲಕ ಹಾಕಿದೆ. ಹನ್ನೊಂದು ವರ್ಷದ ಮೇಲೆ
ನಾನೊಬ್ಬನೇ ಒಳಗಿರುವ ಬಾಗಿಲು.
ಟೇಕ್‌ಬಹಾದೂರನ ಗೊರಕೆಯಿಲ್ಲ, ಪುತ್ತುಮೋನುವಿನ ಅಲಾರಮ್ಮಿಲ್ಲ,
ಯಾರ ಚಪ್ಪಲಿ ಯಾರು ಮೆಟ್ಟಿಕೊಂಡು ಹೋದರೆಂಬ ಜಗಳವಿಲ್ಲ,
ನಿದ್ದೆಯೂ ಇಲ್ಲ.

ಹನ್ನೆರಡು. ಹದಿಮೂರು ಪಾಯಿಂಟ್ ಎರಡು.
ಇಂಟರ್‌ನೆಟ್ಟು ನೋಡಬೇಕಿತ್ತಲ್ಲ, ಗಂಗೊಳ್ಳಿಗೆ ಹಚ್ಚಿದೆ.
ಐಸ್ ಪ್ಲಾಂಟಿನಲ್ಲಿ ರಾತ್ರಿ ಪಾಳಿ, ಬಚ್ಚ ಭಾವ ಎದ್ದೇ ಇದ್ದ.
ಮುಖ ಎಷ್ಟು ಸ್ಪಷ್ಟವೆಂದರೆ
ಹಲ್ಲಿನ ಸಂದಿಯ ವೀಳ್ಯದ ಚೂರೂ ಕಂಡಿತು.
"ಹಿಂದ್ ಪರ್ದೆ ಎಲ್ಲ ಇತ್ತಲೆ ಮಾರಾಯಾ, ಮನಿ ಮಾಡ್ದ್ಯಾ?"
"ಹೂಂ" ಅಂದುಬಿಟ್ಟೆ.
ತಟ್ಟೆ ಅದನ್ನೂ ಅಷ್ಟೇ ವ್ಯಾಟಿನಲ್ಲಿ ಮೇಲಕ್ಕೆ ಕಳಿಸಿತು.

ಎರಡು. ಫ್ರಿಜ್ಜು ಗುಂಯ್ಯೆಂದು ಎದ್ದಿತು, ಮಲಗಿತು.
ಒಳಗೆ ನಾನಿಟ್ಟ ಒಂದೇ ಮೊಸರಿನ ಡಬ್ಬಿ.
ಲೈಟು ಹಾಕಿದೆ, ಆರಿಸಿದೆ, ಮತ್ತೆ ಹಾಕಿದೆ.
ಯಾರೂ ಬೈಯಲಿಲ್ಲ.
ಬೋಟಿನಲ್ಲೂ ಹೀಗೇ ಬ್ಯಾಟರಿ ಕಾದಿದ್ದೆ ಒಂದು ಕಾಲಕ್ಕೆ,
ಬಲ್ಬು ಕೆಂಪಗಾಗುತ್ತ ಬಂದರೆ
ದಡ ಇನ್ನೆಷ್ಟು ದೂರವೆಂದು ತಾಂಡೇಲನ ಮುಖ ನೋಡುತ್ತ.
ಮೀಟರು ಬರೆಯುವುದೇ ಮರೆತೆ.

ನಾಲ್ಕು. ಹದಿಮೂರು, ಸರಿಯಾಗಿ.
ಹೊರಗೆ ಕಾಂಡ್ಲಾ ಗಿಡಗಳ ಬುಡದಿಂದ ನೀರು ಇಳಿಯುತ್ತಿತ್ತು,
ಒಂಟಿಕಾಲಲ್ಲೇ ಹಕ್ಕಿಗಳಿಗೆ ಗಾಢ ನಿದ್ದೆ.
ಏಣಿ ಹತ್ತಿದೆ.
ಇಲ್ಲಿ ಮಳೆ ಲೆಕ್ಕಕ್ಕಿಲ್ಲ, ಇಬ್ಬನಿ ಇದೆ,
ಧೂಳಿನ ಮೇಲೆ ಕೂತು ಕೆಸರಾಗುತ್ತದೆ.
ಸೂರ್ಯ ಮುಟ್ಟುವ ಮೊದಲೇ ಒರೆಸಬೇಕು,
ತಡವಾದರೆ ಸೀದ ದೋಸೆ, ಕಾವಲಿ ಬಿಡುವುದಿಲ್ಲ.
ಹಳೇ ಬನಿಯನ್ನು ಸಾಕಾಯಿತು, ಬೇರೆ ನೀರು ಬೇಕಾಗಲಿಲ್ಲ.

ಏಳಕ್ಕೆ ಮೇಡಂ ಬಂದರು, ಫ್ಲಾಸ್ಕಿನಲ್ಲಿ ಕಹ್ವಾ.
ಪುಸ್ತಕ ತಿರುವಿದರು, ಎರಡು ಗಂಟೆಯ ಖಾಲಿ ಸಾಲಿನ ಮೇಲೆ
ಟೀಚರ ಬೆರಳು ಒಂದು ಕ್ಷಣ ನಿಂತಿತು.
"ಎಲ್ಲ ಸರಿಯಿದೆ ತಾನೆ?"
ಎಲ್ಲ ಸರಿಯಿತ್ತು.
ಕಟಿಂಗ್ ಪ್ಲೇಯರು ಒರೆಸುತ್ತ ಹೇಳಿದೆ:
"ಬ್ಯಾಟರಿ ಹೊಸದು ಮೇಡಂ. ಇನ್ನೊಂದು ರಾತ್ರಿ ನೋಡಿದರೆ ಒಳ್ಳೆಯದು."

ಅವರು ಹಾಸಿಗೆ ನೋಡಿದರು. ಒಂದು ಸುಕ್ಕೂ ಇರಲಿಲ್ಲ.
"ನೋಡು," ಅಂದರು. "ಈ ಸಲ ಮಲಗಿ ನೋಡು."